ಐತವಾರದ ಕೆಳಗ ಸೋಮವಾರ

ವೆಬ್ ಪುಟ ಕಟ್ಟುವ ಕೆಲಸಕ್ಕೆ ಈಗಷ್ಟೇ ಸೇರಿದ ಹುಡುಗ ಹುಡುಗಿಯರು ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಸಿಕ್ಕರೆ ಸಾಕು, ಒಂದೇ ಪ್ರಶ್ನೆ ಕೇಳುತ್ತಾರೆ. "ಆಂಟಿ, ಯಾವ ಫ್ರೇಮ್‌ವರ್ಕ್ ಕಲೀಬೇಕು?" ನಾಲ್ಕನೇ ಮಹಡಿ ಬರುವುದರೊಳಗೆ ಅವರಿಗೆ ಉತ್ತರ ಬೇಕು. ನಾನು ಹೇಳುವುದಿಲ್ಲ. ಈಗಿನವುಗಳ ಹೆಸರು ನನಗೆ ಸರಿಯಾಗಿ ಬಾಯಿಗೆ ಬರುವುದಿಲ್ಲ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣವೆಂದರೆ, ಇದೇ ಪ್ರಶ್ನೆಗೆ ನಾನು ಒಮ್ಮೆ ಎದೆ ತಟ್ಟಿ ಉತ್ತರ ಹೇಳಿ, ಒಬ್ಬ ಒಳ್ಳೆಯ ಮನುಷ್ಯನ ಮೂವತ್ತು ವರ್ಷದ ನೌಕರಿಗೆ ಕುತ್ತು ತಂದಿದ್ದೆ. ಅದು ಲಿಫ್ಟಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಫ್ರೇಮ್‌ವರ್ಕ್ ಅಂದರೇನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಪರದೆಯ ಮೇಲೆ ಕಾಣುವ ಗುಂಡಿಗಳು, ಪಟ್ಟಿಗಳು, ತಾರೀಖು ಆರಿಸುವ ಚೌಕಗಳು, ಇವನ್ನೆಲ್ಲ ಪ್ರತಿ ಸಲ ಮೊದಲಿನಿಂದ ಬರೆಯುತ್ತ ಕೂತರೆ ಜನ್ಮ ಸಾಲದು. ಯಾರೋ ಪುಣ್ಯಾತ್ಮರು ಬರೆದಿಟ್ಟ ಸಿದ್ಧ ಸಾಮಾನನ್ನು ತಂದು, ನಮ್ಮ ಪುಟವನ್ನು ಅದರಿಂದ ಕಟ್ಟುತ್ತೇವೆ. ಆ ಸಾಮಾನಿನ ಗಂಟೇ ಫ್ರೇಮ್‌ವರ್ಕ್. ಒಮ್ಮೆ ಒಂದನ್ನು ನಂಬಿ ಕಟ್ಟಲು ಶುರು ಮಾಡಿದರೆ, ನಡುವೆ ಇನ್ನೊಂದಕ್ಕೆ ಹೋಗುವುದು ಬಲು ಕಷ್ಟ. ಹಾಗಾಗಿ ಆರಿಸುವಾಗಲೇ ಜಗಳ ಆಗುತ್ತದೆ, ಆಗಬೇಕು ಕೂಡ.

ನಾನು ವಿಜಾಪುರದವಳು. ಮದುವೆಯಾಗಿ ಪುಣೆಗೆ ಬಂದಾಗ ನನಗೆ ಬರುತ್ತಿದ್ದ ಮರಾಠಿ ಕಾಯಿಪಲ್ಯೆ ಕೊಳ್ಳುವಷ್ಟು ಮಾತ್ರ. ಸದಾಶಿವ ಪೇಠೆಯ ಒಂದು ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವ ಕೆಲಸಕ್ಕೆ ಸೇರಿದೆ, ಕನ್ನಡದ ಲಗ್ನಪತ್ರಿಕೆ ಓದಿ ತಿದ್ದಲು ಅವರಿಗೆ ಒಬ್ಬರು ಬೇಕಾಗಿತ್ತು. ತೊಂಬತ್ತರ ದಶಕದ ಶುರುವಿನಲ್ಲಿ ಅಲ್ಲಿ ಕಂಪ್ಯೂಟರ್ ಬಂತು, ನಾನೂ ಮೌಸ್ ಹಿಡಿದೆ. ಮುಂದಿನ ವರ್ಷದ ಗೋಡೆ ಕ್ಯಾಲೆಂಡರ್ ಜೋಡಿಸುವುದು, ಅಮಾವಾಸ್ಯೆಗೆ ಕಪ್ಪು ಚುಕ್ಕೆ, ಹುಣ್ಣಿಮೆಗೆ ಖಾಲಿ ಉಂಗುರ ಕೂರಿಸುವುದು ವರ್ಷವರ್ಷವೂ ನನ್ನ ಪಾಲಿನ ಕೆಲಸ. ಒಂದು ವರ್ಷ ಕಾರ್ತೀಕದಲ್ಲಿ ಅಮಾವಾಸ್ಯೆಗೂ ಖಾಲಿ ಉಂಗುರ ಕೂರಿಸಿ, ಒಂದೇ ತಿಂಗಳಲ್ಲಿ ಎರಡು ಹುಣ್ಣಿಮೆ ಅಚ್ಚಾದವು. ಇಡೀ ಪ್ರೆಸ್ಸು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದೇ ಪ್ರತಿಯ ಉಂಗುರವನ್ನು ಪೆನ್ನಿನಿಂದ ಕಪ್ಪು ಮಾಡಿತು. ಮಾಲೀಕರು ಬೈಯಲಿಲ್ಲ, ಎಲ್ಲರಿಗೂ ಮಿಸಳ್ ತರಿಸಿದರು. ನಾನು ಕ್ಯಾಲೆಂಡರ್ ಜೋಡಿಸಿದವಳು ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಮುಂದೆ ಅದನ್ನು ಮರೆಯುವವಳಿದ್ದೇನೆ.

ಆ ಪ್ರೆಸ್ಸಿಗೆ ಬರುತ್ತಿದ್ದ ಗಿರಾಕಿಗಳಲ್ಲಿ ಸಾಠೆ ಸಾಹೇಬರು ಒಬ್ಬರು. ದಶಕದ ಕೊನೆಯ ಹೊತ್ತಿಗೆ ಅವರು ಕೋಥ್ರೂಡಿನಲ್ಲಿ ಎರಡು ಕೋಣೆ ಹಿಡಿದು ವೆಬ್‌ಸೈಟ್ ಮಾಡಿಕೊಡುವ ಕಂಪನಿ ತೆಗೆದರು. ನನ್ನನ್ನು ಕರೆದಾಗ ನನಗೆ ನಲವತ್ತು ದಾಟಿತ್ತು. ಈ ವಯಸ್ಸಿನಲ್ಲಿ ಹೊಸ ಕೆಲಸವೇ ಎಂದರೆ ಅವರು ಹೇಳಿದ್ದು ಇಷ್ಟು: "ಅಕ್ಷರ ಜೋಡಿಸುವವರಿಗೆ ಪುಟ ಜೋಡಿಸಲು ಬರುತ್ತದೆ. ಬಾಕಿಯದನ್ನು ಇಬ್ಬರೂ ಕೂಡಿ ಕಲಿಯೋಣ." ಸಾಹೇಬರು ಮಾತಾಡುತ್ತಿದ್ದದ್ದು ಮರಾಠಿಯಲ್ಲಿ, ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರದೊಂದು ವಿಚಿತ್ರ ಸ್ವಭಾವ. ಚಹಾ ತಣ್ಣಗಾದರೆ ಇಡೀ ಆಫೀಸು ಕೇಳುವಂತೆ ಕೂಗಾಡುತ್ತಿದ್ದರು, ಗಿರಾಕಿಯ ಸೈಟು ನಿಂತುಹೋದರೆ ಒಂದು ಮಾತೂ ಆಡದೆ ನಮ್ಮ ಪಕ್ಕ ಕುರ್ಚಿ ಎಳೆದುಕೊಂಡು ಕೂತುಬಿಡುತ್ತಿದ್ದರು.

ಆಗಿನ ಪುಟಗಳನ್ನು ಈಗಿನವರು ನೋಡಿದರೆ ನಗುತ್ತಾರೆ, ನಗಲಿ. ಅಕ್ಷರ ಮಿಣಿಮಿಣಿ ಮಿನುಗಬೇಕು, ಒಂದು ಸಾಲು ಬಲದಿಂದ ಎಡಕ್ಕೆ ಓಡಬೇಕು, ಕೆಳಗೆ ಎಷ್ಟು ಮಂದಿ ಬಂದು ಹೋದರೆಂದು ಅಂಕಿ ತಿರುಗಬೇಕು. ಇವಿಲ್ಲದಿದ್ದರೆ ಗಿರಾಕಿ ಒಪ್ಪುತ್ತಿರಲಿಲ್ಲ. ಮಿಠಾಯಿ ಅಂಗಡಿಯವರೊಬ್ಬರು ನಾಲ್ಕೂ ಮೂಲೆಯಲ್ಲಿ ಉರಿಯುವ ದೀಪ ಬೇಕೆಂದರು, ಹಾಕಿದೆ. ಎರಡು ದಿನ ಬಿಟ್ಟು ಫೋನ್ ಮಾಡಿ, ಎಡಗಡೆಯ ದೀಪ ಸ್ವಲ್ಪ ಸಣ್ಣಗೆ ಉರಿಯುತ್ತಿದೆ, ಎಣ್ಣೆ ಹಾಕಿ ಎಂದು ಚೇಷ್ಟೆ ಮಾಡಿದರು. ಕನ್ನಡ ಬೇಕೆಂದರೆ ಪ್ರತಿ ಸಾಲನ್ನೂ ಚಿತ್ರವಾಗಿ ಮಾಡಿ ಅಂಟಿಸಬೇಕಿತ್ತು, ಒಂದು ಒತ್ತಕ್ಷರ ತಪ್ಪಿದರೆ ಇಡೀ ಚಿತ್ರ ಮತ್ತೆ. ನಾನು ಅಷ್ಟು ಸಂತೋಷದಿಂದ ಕೆಲಸ ಮಾಡಿದ ದಿನಗಳು ಕಡಿಮೆ.

ಮೊದಲ ಪಾಠ ಕಲಿತದ್ದು ಇಂದಾಪುರದಲ್ಲಿ. ಅಲ್ಲಿಯ ದಾಳಿಂಬೆ ಸಸಿ ಮಾರುವ ಒಬ್ಬ ರೈತರಿಗೆ ಚಂದದ ಪುಟ ಮಾಡಿದ್ದೆ. ತೋರಿಸಲು ಎಸ್‌ಟಿ ಬಸ್ಸಿನಲ್ಲಿ ಹೋದೆ. ಅವರ ಕಂಪ್ಯೂಟರಿನ ಪರದೆ ನಮ್ಮದಕ್ಕಿಂತ ಸಣ್ಣದು. ನಾನು ಬಲಗಡೆ ಇಟ್ಟಿದ್ದ ಪಟ್ಟಿ, ಹಣ್ಣಿನ ಚಿತ್ರ, ಅವರ ಫೋನ್ ನಂಬರು, ಎಲ್ಲ ಪರದೆಯ ಆಚೆ ಹೋಗಿ ಕೂತಿದ್ದವು. ಅವರು ಪರದೆಯ ಅಂಚಿನ ಹಿಂದೆ ಬಗ್ಗಿ ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು, "ಉಳಿದರ್ಧ ಪುಣೆಯಲ್ಲೇ ಬಿಟ್ಟು ಬಂದಿರೇನು?" ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಅವತ್ತೇ ಒಂದು ವಹಿ ಮಾಡಿದೆ, ಟಿಪ್ಪಣಿ ಬರೆದಿಡುವ ಪುಸ್ತಕ. ಗಿರಾಕಿಯ ಹತ್ತಿರ ಹೋದಾಗ ನಾಲ್ಕು ಸಂಗತಿ ನೋಡಿ ಬರೆಯಬೇಕು: ಪರದೆ ಎಷ್ಟು ಅಗಲ, ಇಂಟರ್‌ನೆಟ್ಟು ಎಷ್ಟು ವೇಗ, ಯಾವ ಬ್ರೌಸರು, ಕರೆಂಟು ಎಷ್ಟು ಹೊತ್ತು ಇರುತ್ತದೆ. ಈ ವಹಿಯ ಬಗ್ಗೆ ನನಗೆ ಸ್ವಲ್ಪ ಸೊಕ್ಕು ಇತ್ತೆಂದೇ ಹೇಳಬೇಕು. ಹೊಸಬರು ಬಂದಾಗೆಲ್ಲ ಅದನ್ನು ತೆಗೆದು ತೋರಿಸಿ ಉಪದೇಶ ಮಾಡುತ್ತಿದ್ದೆ.

ವರ್ಷಗಳು ಉರುಳಿದವು. ಎರಡು ಕೋಣೆ ಸಾಲದಾಗಿ ಕಂಪನಿ ಖರಾಡಿಗೆ ಬಂತು. ಎರಡು ಸಾವಿರದ ಏಳರ ಸುಮಾರಿಗೆ ಫ್ರೇಮ್‌ವರ್ಕುಗಳ ಸುಗ್ಗಿ ಶುರುವಾಯಿತು. ತಿಂಗಳಿಗೊಂದು ಹೊಸದು, ಪ್ರತಿಯೊಂದಕ್ಕೂ ಭಕ್ತರು. ನಮ್ಮ ಆಫೀಸಿನಲ್ಲಿ ಕೊನೆಗೆ ಎರಡು ಉಳಿದವು. ಹೆಸರು ಬೇಡ, ನಾವು ಅವನ್ನು ದೊಡ್ಡದು, ಚಿಕ್ಕದು ಎಂದೇ ಕರೆಯುತ್ತಿದ್ದೆವು. ದೊಡ್ಡದರಲ್ಲಿ ಎಲ್ಲವೂ ತಯಾರಿತ್ತು. ಚಿಕ್ಕದು ಕೈಗೆ ಒಂದಷ್ಟು ಆಯುಧ ಕೊಟ್ಟು, ಬಾಕಿಯದನ್ನು ನೀವೇ ಕೆತ್ತಿಕೊಳ್ಳಿ ಎನ್ನುವಂಥದ್ದು. ನಾನು ದೊಡ್ಡದರ ಕಡೆ. ಅಷ್ಟು ವರ್ಷ ಒಂದೊಂದು ಚೌಕವನ್ನೂ ಕೈಯಾರೆ ಬರೆದು ಬೇಸತ್ತವಳಿಗೆ ಅದು ಹಬ್ಬದಂತೆ ಕಂಡಿತು. ಅದರಲ್ಲೂ ಅದರ ಕ್ಯಾಲೆಂಡರ್ ನೋಡಿ ಮರುಳಾಗಿದ್ದೆ. ಮೌಸನ್ನು ಒಂದು ತಾರೀಖಿನ ಮೇಲೆ ಒತ್ತಿ ಹಿಡಿದು ಇನ್ನೊಂದರವರೆಗೆ ಎಳೆದರೆ, ನಡುವಿನ ದಿನಗಳೆಲ್ಲ ಮೆಲ್ಲಗೆ ಬಣ್ಣ ತುಂಬಿಕೊಳ್ಳುತ್ತಿದ್ದವು.

ಚಿಕ್ಕದರ ಕಡೆ ಇದ್ದವಳು ಪೂರ್ಣಿಮಾ. ಬೆಂಗಳೂರಿನ ಹುಡುಗಿ, ಸೇರಿ ಒಂದು ವರ್ಷವೂ ಆಗಿರಲಿಲ್ಲ, ಆದರೆ ಯಾರಿಗೂ ಹೆದರುವವಳಲ್ಲ.

"ಮೇಡಂ, ದೊಡ್ಡದರಲ್ಲಿ ಕ್ಯಾಲೆಂಡರ್ ರೆಡಿಮೇಡ್ ಸಿಗತ್ತೆ, ಒಪ್ಕೋತೀನಿ. ಆದ್ರೆ ಒಳಗೆ ಏನಾದ್ರೂ ಚೇಂಜ್ ಮಾಡ್ಬೇಕು ಅಂದ್ರೆ ಕೈನೇ ಹೋಗಲ್ಲ."

"ಕ್ಯಾಲೆಂಡರಿನಾಗ ಏನ್ ಬದಲ ಮಾಡೂದಿರ್ತದವಾ ತಂಗಿ?" ಎಂದೆ ನಾನು. "ಕ್ಯಾಲೆಂಡರ್ ಅಂದ್ರ ಕ್ಯಾಲೆಂಡರ್."

ಈ ಮಾತು ಆಡಿದ ಬಾಯಿ ಇದೇ. ಹತ್ತು ವರ್ಷ ಕ್ಯಾಲೆಂಡರ್ ಜೋಡಿಸಿದವಳ ಬಾಯಿ.

ಇಂಥ ಜಗಳಗಳಿಗೆ ಸಾಠೆ ಸಾಹೇಬರದೊಂದು ಪದ್ಧತಿ ಇತ್ತು. ಬೇಕು ಅನ್ನುವವರು ಬೇಡ ಎಂದು ವಾದಿಸಬೇಕು, ಬೇಡ ಅನ್ನುವವರು ಬೇಕು ಎಂದು ವಾದಿಸಬೇಕು. ಒಂದು ವಾರ ತಯಾರಿಗೆ, ಆಮೇಲೆ ಎಲ್ಲರ ಎದುರು ಮಾತು. ಹಾಗಾಗಿ ನಾನು ಚಿಕ್ಕದನ್ನು ಹೊಗಳಬೇಕಾಯಿತು, ಪೂರ್ಣಿಮಾ ದೊಡ್ಡದನ್ನು. ನಾನು ಬೇಕಂತಲೇ ನೀರಸವಾಗಿ, ಪರೀಕ್ಷೆಗೆ ಓದದೆ ಬಂದವರ ಹಾಗೆ ಮಾತಾಡಿ ಕೂತೆ. ಆ ಹುಡುಗಿ ಪ್ರಾಮಾಣಿಕಳು. ವಾರವಿಡೀ ಕೂತು ದೊಡ್ಡದನ್ನು ಕಲಿತು, ನನಗೇ ಗೊತ್ತಿಲ್ಲದ ಅದರ ಗುಣಗಳನ್ನೆಲ್ಲ ಬಿಡಿಸಿ ಹೇಳಿದಳು. ಸಾಹೇಬರು ಅವಳ ವಾದಕ್ಕೆ ತಲೆದೂಗಿ ದೊಡ್ಡದನ್ನೇ ಆರಿಸಿದರು. ಅಂದರೆ ನನ್ನ ಗೆಲುವು ಅವಳ ಪ್ರಾಮಾಣಿಕತೆಯಿಂದ ಬಂದದ್ದು. ನನಗೆ ಆಗ ನಾಚಿಕೆ ಆಗಲಿಲ್ಲ, ಕ್ಯಾಂಟೀನಿಗೆ ಹೋಗಿ ಎರಡು ಬಟಾಟೆವಡೆ ತಿಂದೆ.

ದೊಡ್ಡದರಲ್ಲಿ ಕಟ್ಟಿದ ಮೊದಲ ಕೆಲಸವೇ ಪುಣೆ ಹತ್ತಿರದ ಯಾತ್ರಾಸ್ಥಳ ಜೇಜುರಿಯ ಧರ್ಮಶಾಲೆಯದು. ನಮ್ಮ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ವ್ಯಾಪಾರಿಗಳು ಕೂಡಿ ಗುಡ್ಡದ ಮೆಟ್ಟಿಲ ಬುಡದಲ್ಲಿ ಇಪ್ಪತ್ತೆರಡು ಕೋಣೆ ಕಟ್ಟಿಸಿದ್ದರು. ನಮ್ಮ ಮೈಲಾರಲಿಂಗನನ್ನೇ ಅಲ್ಲಿ ಖಂಡೋಬ ಎನ್ನುತ್ತಾರೆ; ಅವನು ಮನೆದೇವರಾದ ಕನ್ನಡ ಮಂದಿ ದರ್ಶನಕ್ಕೆ ಬಂದರೆ ಅಲ್ಲಿ ಇಳಿಯುತ್ತಾರೆ. ಟ್ರಸ್ಟಿನ ಅಧ್ಯಕ್ಷರು ಶಿವಶರಣಪ್ಪ ಸಾವಕಾರರು, ಕಲಬುರ್ಗಿ ಕಡೆಯವರು, ರವಿವಾರ ಪೇಠೆಯಲ್ಲಿ ಬಟ್ಟೆ ಅಂಗಡಿ. ಅವರಿಗೆ ಬೇಕಾಗಿದ್ದು ಇಷ್ಟೇ: ಜೇಜುರಿಯಲ್ಲಿ ಕೋಣೆ ಹಿಡಿದರೆ ಪುಣೆಯ ಅಂಗಡಿಯಲ್ಲಿ ಕಾಣಬೇಕು, ಪುಣೆಯಲ್ಲಿ ಹಿಡಿದರೆ ಜೇಜುರಿಯಲ್ಲಿ ಕಾಣಬೇಕು.

ವಹಿ ಹಿಡಿದು ಜೇಜುರಿಗೆ ಹೋದೆ. ಧರ್ಮಶಾಲೆಯನ್ನು ನೋಡಿಕೊಳ್ಳುತ್ತಿದ್ದವರು ಮಲ್ಲಪ್ಪನವರು. ಇಂಡಿ ತಾಲೂಕಿನವರು, ಅರವತ್ತರ ಹತ್ತಿರದ ವಯಸ್ಸು, ಮೂವತ್ತು ವರ್ಷದಿಂದ ಅಲ್ಲೇ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹೆಂಡತಿಯ ಜೊತೆ ವಾಸ.

"ಬರ್ರಿ ಅಕ್ಕಾರ, ಕೂಡ್ರಿ. ಮಶೀನ್ ನೋಡಾಕ ಬಂದೀರಿ, ಮೊದಲ ಚಾ ಕುಡೀರಿ."

ಕಂಪ್ಯೂಟರಿನ ಕೀಲಿಗಳೆಲ್ಲ ಹಳದಿ. ದರ್ಶನ ಮುಗಿಸಿ ಬಂದವರ ಕೈ, ಹಣೆ, ಅಂಗಿಯಿಂದ ಭಂಡಾರದ ಅರಿಷಿಣ ಉದುರಿ ಉದುರಿ ಕೀಲಿಗಳ ಸಂದಿನಲ್ಲಿ ತುಂಬಿಕೊಂಡಿತ್ತು. ಮಲ್ಲಪ್ಪನವರು ಹಳೆಯ ಹಲ್ಲಿನ ಬ್ರಶ್ಶಿನಿಂದ ದಿನಾ ಬೆಳಿಗ್ಗೆ ಅದನ್ನು ತೆಗೆದು ಹಾಳೆಯಲ್ಲಿ ಕಟ್ಟಿಡುತ್ತಿದ್ದರು, ದೇವರದ್ದು ಕಾಲಿಗೆ ಸಿಗಬಾರದೆಂದು. ನಾನು ಪರದೆ ಅಳೆದೆ, ವೇಗ ನೋಡಿದೆ, ಬ್ರೌಸರು, ಕರೆಂಟು, ಎಲ್ಲ ಬರೆದುಕೊಂಡೆ. ಇಂಟರ್‌ನೆಟ್ಟು ನಿಧಾನ, ಯಂತ್ರವೂ ಹಳೆಯದು, ಆದರೂ ದೊಡ್ಡದು ಓಡುತ್ತದೆ ಎಂದು ತೀರ್ಮಾನಿಸಿದೆ. ತಿಂಗಳು ಬಿಟ್ಟು ಹೋಗಿ ಅವರಿಗೆ ಕಲಿಸಿದೆ. ಒಂದೊಂದು ದಿನಕ್ಕೆ ಒಂದೊಂದು ಕೋಣೆ ಹಿಡಿಯುವುದನ್ನು ಹತ್ತು ಸಲ ಮಾಡಿಸಿದೆ. ಒಂದು ಸಲವೂ ತಪ್ಪಲಿಲ್ಲ. "ಇದು ಭಾಳ ಚಲೋ ಅದ ರೀ" ಎಂದು ಖುಷಿಪಟ್ಟರು. ಹೆಚ್ಚು ದಿನ ಬೇಕಾದರೆ ಮೌಸ್ ಒತ್ತಿ ಹಿಡಿದು ಎಳೆಯಿರಿ ಎಂದು ಬಾಯಲ್ಲಿ ಹೇಳಿ ಬಸ್ಸು ಹಿಡಿದೆ.

ಆ ವರ್ಷ ಸೋಮವತಿ ಅಮಾವಾಸ್ಯೆ ಬಂತು. ಸೋಮವಾರ ಅಮಾವಾಸ್ಯೆ ಬಿದ್ದರೆ ಜೇಜುರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪುಣೆಯಲ್ಲಿ ಕಟ್ಟಡದ ಕೆಲಸ ಮಾಡುವ ಯಾದಗಿರಿ ಕಡೆಯ ಕುಟುಂಬಗಳು ಕೂಡಿ, ಇಪ್ಪತ್ತೆರಡೂ ಕೋಣೆಗಳನ್ನು ರವಿವಾರ, ಸೋಮವಾರ, ಮಂಗಳವಾರ ಮೂರು ದಿನಕ್ಕೆ ಕೇಳಿದರು. ಮಲ್ಲಪ್ಪನವರು ಹಿಡಿದಿಟ್ಟರು. ಅವರು ಬಂದರು, ಭಂಡಾರ ಹಾರಿಸಿದರು, ಹೋದರು. ಆಮೇಲೆ ಒಬ್ಬರೂ ಬರಲಿಲ್ಲ.

ಮದುವೆಯ ಕಾಲ ಅದು. ಹೊಸ ಜೋಡಿಗಳು ಜೇಜುರಿಗೆ ಬಂದೇ ಬರುತ್ತವೆ. ಆದರೆ ಪುಣೆಯ ಅಂಗಡಿಯಲ್ಲಿ ಯಾರೇ ಫೋನ್ ಮಾಡಿದರೂ ಗುಮಾಸ್ತ ಪರದೆ ನೋಡಿ, ಎಲ್ಲ ಭರ್ತಿ ಎಂದು ಹೇಳುತ್ತಿದ್ದ. ಜೇಜುರಿಯಲ್ಲಿ ಮಲ್ಲಪ್ಪನವರೂ ಪರದೆ ನೋಡಿ, ಪುಣೆಯವರು ಯಾರಿಗೋ ಹಿಡಿದಿದ್ದಾರೆ, ಇಂದಲ್ಲ ನಾಳೆ ಬರುತ್ತಾರೆಂದು ಬೆಳಿಗ್ಗೆ ಬೆಳಿಗ್ಗೆ ಇಪ್ಪತ್ತೆರಡು ಕೋಣೆ ಗುಡಿಸಿ, ಕೊಡ ತುಂಬಿಸಿಟ್ಟು ಬಾಗಿಲಲ್ಲಿ ಕೂರುತ್ತಿದ್ದರು. ಹನ್ನೊಂದನೆಯ ದಿನ ಸಾವಕಾರರ ಸ್ವಂತ ಸೋದರಳಿಯ, ಹೊಸ ಹೆಂಡತಿಯ ಜೊತೆ, ಬೇರೆ ಕಡೆ ಕೋಣೆ ಹುಡುಕುತ್ತ ಆ ದಾರಿಯಲ್ಲಿ ಬಂದ. ಮಾವನ ಧರ್ಮಶಾಲೆಯಲ್ಲೇ ಜಾಗವಿಲ್ಲ ಎಂದು ಅವನಿಗೂ ಹೇಳಲಾಗಿತ್ತು. ಮಲ್ಲಪ್ಪನವರು ಅವರನ್ನು ಕಂಡು ಎದ್ದು ಬಂದು, ಒಳ್ಳೆಯ ಕೋಣೆ ತೆಗೆದುಕೊಟ್ಟು, ಚಹಾ ತಂದು ಕೊಟ್ಟು ಕೇಳಿದರಂತೆ, "ಈ ಸಲ ಮಂದಿ ಯಾಕ ಬರವಲ್ರು, ತಮ್ಮಾ?"

ಸಾವಕಾರರು ಕೆಂಡವಾದರು. ನಾನು ದಾಖಲೆ ತೆಗೆದು ನೋಡಿದೆ. ಇಪ್ಪತ್ತೆರಡೂ ಕೋಣೆ ಹದಿನೈದು ದಿನಕ್ಕೆ ಹಿಡಿದದ್ದು ಜೇಜುರಿಯ ಯಂತ್ರದಿಂದ, ಮಲ್ಲಪ್ಪನವರ ಹೆಸರಿನಲ್ಲಿ. ನಾನು ವರದಿ ಬರೆದೆ: ವ್ಯವಸ್ಥೆಯಲ್ಲಿ ದೋಷವಿಲ್ಲ, ಬಳಸಿದವರ ಕೈತಪ್ಪು. ಎರಡು ಸಾಲು. ಬರೆಯಲು ಎರಡು ನಿಮಿಷವೂ ಹಿಡಿಯಲಿಲ್ಲ. ಆ ವರದಿ ಓದಿ ಸಾವಕಾರರು, ಮಲ್ಲಪ್ಪನಿಗೆ ವಯಸ್ಸಾಯಿತು, ಗುರುವಾರದ ಸಭೆಯಲ್ಲಿ ಬಿಡಿಸಿ ಕಂಪ್ಯೂಟರ್ ಬರುವ ಯಾರನ್ನಾದರೂ ಹಾಕೋಣ ಎಂದು ಟ್ರಸ್ಟಿನವರಿಗೆ ಹೇಳಿ ಕಳಿಸಿದರು. ಹೊಸಬರಿಗೆ ಕಲಿಸುವ ತಯಾರಿಗೆಂದು ಸಾಠೆ ಸಾಹೇಬರು ಬುಧವಾರ ನನ್ನನ್ನು ಜೇಜುರಿಗೆ ಕಳಿಸಿದರು.

ಮಲ್ಲಪ್ಪನವರು ಹಳೆಯ ರಜಿಸ್ಟರುಗಳನ್ನೆಲ್ಲ ಒಂದು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿಟ್ಟಿದ್ದರು. ಸಿಟ್ಟಿರಲಿಲ್ಲ. ನನಗೆ ಚಹಾ ಬಂತು.

"ಮೂವತ್ತು ವರ್ಷ ಆತ್ರಿ ಅಕ್ಕಾರ, ಒಬ್ಬರನ್ನೂ ಹೊರಗ ಮಲಗಿಸಿಲ್ಲ. ಕ್ವಾಣಿ ಇಲ್ಲಂದ್ರ ನನ್ನ ಕ್ವಾಣಿ ಬಿಟ್ಟ ಕೊಟ್ಟೀನಿ. ಈ ಸಲ ಇಪ್ಪತ್ತೆರಡೂ ಖಾಲಿ ಇಟಗೊಂಡು ಮಂದೀನ ಹೊಳ್ಳಿ ಕಳಿಸಿದಂಗ ಆತು. ನೌಕರಿ ಹೋದ್ರ ಹೋಗ್ಲಿ, ಅದೊಂದ ಮನಸಿಗಿ ಹತ್ತೇದ."

ಏನಾದರೂ ಮಾತಾಡಬೇಕೆಂದು, "ಅವತ್ತ ಹೆಂಗ ಹಿಡದ್ರಿ, ಒಂದ್ ಸಲ ಮಾಡಿ ತೋರಸ್ರಿ" ಎಂದೆ. ಅವರು ಕನ್ನಡಕ ಏರಿಸಿ, ಮೌಸನ್ನು ಒಂದು ರವಿವಾರದ ಮೇಲೆ ಒತ್ತಿ ಹಿಡಿದರು. ಎಳೆದರು. ಪಕ್ಕಕ್ಕಲ್ಲ, ಕೆಳಗೆ. ಒಂದು ಮನೆ, ಎರಡು ಮನೆ ಕೆಳಗೆ ಎಳೆದು ಬಿಟ್ಟು, 'ಸರಿ' ಗುಂಡಿ ಒತ್ತಿದರು. ಅಷ್ಟಾದ ಮೇಲೆ ಆ ಹಳೆಯ ಯಂತ್ರದಲ್ಲಿ ನನ್ನ ದೊಡ್ಡದು ಏದುಸಿರು ಬಿಡುತ್ತ ನಿಧಾನವಾಗಿ ಬಣ್ಣ ತುಂಬಲು ಶುರು ಮಾಡಿತು. ಆ ರವಿವಾರದಿಂದ ಎರಡು ವಾರದಾಚೆಯ ರವಿವಾರದವರೆಗೆ, ಹದಿನೈದು ದಿನ.

"ಕೆಳಗ್ಯಾಕ ಎಳದ್ರಿ ಮಲ್ಲಪ್ಪನವರ?"

ಅವರು ನನ್ನನ್ನು ಸ್ವಲ್ಪ ಆಶ್ಚರ್ಯದಿಂದ ನೋಡಿದರು. ಆಮೇಲೆ ಕಂಪ್ಯೂಟರಿನ ಮೇಲೆ, ಗೋಡೆಯಲ್ಲಿ ಮೊಳೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಕಡೆ ಬೆರಳು ಮಾಡಿದರು.

"ಐತವಾರದ ಕೆಳಗ ಸೋಮವಾರ ಅಲ್ದ ಮತ್ತೇನ್ ಇರ್ತದ್ರಿ, ಅಕ್ಕಾರ?"

ಗೋಡೆಯ ಕ್ಯಾಲೆಂಡರಿನಲ್ಲಿ ವಾರಗಳ ಹೆಸರು ಎಡಗಡೆ, ಮೇಲಿಂದ ಕೆಳಗೆ. ರವಿವಾರ, ಅದರ ಕೆಳಗೆ ಸೋಮವಾರ, ಅದರ ಕೆಳಗೆ ಮಂಗಳವಾರ. ತಾರೀಖುಗಳೂ ಕೆಳಗಿಳಿಯುತ್ತವೆ. ಮಹಾರಾಷ್ಟ್ರದ ಮನೆಮನೆಯ ಗೋಡೆಯ ಮೇಲೆ ಇರುವುದು ಅದೇ. ನಾನು ಹತ್ತು ವರ್ಷ ನನ್ನ ಕೈಯಾರೆ ಜೋಡಿಸಿದ್ದೂ ಅದೇ. ನಮ್ಮ ಅಡುಗೆಮನೆಯಲ್ಲಿ ಅವತ್ತೂ ತೂಗುತ್ತಿದ್ದದ್ದು ಅದೇ. ಕಂಪ್ಯೂಟರಿನದು ಮಾತ್ರ ಎಡದಿಂದ ಬಲಕ್ಕೆ ಹೋಗುತ್ತಿತ್ತು, ಅಲ್ಲಿ ರವಿವಾರದ ಕೆಳಗೆ ಇನ್ನೊಂದು ರವಿವಾರ. ಮೂವತ್ತು ವರ್ಷ ಮೂರು ದಿನವನ್ನು ಕೆಳಗಿಳಿಸಿ ಎಣಿಸಿದ ಬೆರಳು ಕೆಳಗಲ್ಲದೆ ಎಲ್ಲಿಗೆ ಹೋದೀತು? ನಾನು ಪರದೆ ಅಳೆದೆ, ಕರೆಂಟು ವಿಚಾರಿಸಿದೆ, ಅದೇ ಯಂತ್ರದ ಒಂದು ಗೇಣು ಮೇಲಿದ್ದ ಗೋಡೆಯನ್ನು ನೋಡಲಿಲ್ಲ.

ನಾನು ನಕ್ಕುಬಿಟ್ಟೆ. ಕಣ್ಣಲ್ಲಿ ನೀರೂ ಬಂತು, ಎರಡೂ ಒಟ್ಟಿಗೇ. ಮಲ್ಲಪ್ಪನವರಿಗೆ ಕೈಮುಗಿದು, "ಗಂಟ ಬಿಚ್ಚಿ ಇಡ್ರಿ, ನಾಳೆ ಏನಾಗ್ತದ ನೋಡೂಣು" ಎಂದು ಹೇಳಿ ಬಂದೆ. ಅವರ ಗೋಡೆಯ ಕ್ಯಾಲೆಂಡರನ್ನೂ ಕೇಳಿ ತಂದೆ.

ಗುರುವಾರದ ಸಭೆ ಸಾವಕಾರರ ಅಂಗಡಿಯ ಮಾಳಿಗೆಯ ಮೇಲೆ, ಬಟ್ಟೆಯ ಥಾನುಗಳ ನಡುವೆ. ಏಳು ಮಂದಿ ಟ್ರಸ್ಟಿನವರು, ಸಾಠೆ ಸಾಹೇಬರು, ನಾನು. ಕನ್ನಡದಲ್ಲಿ ಮಾತು ನಡೆದದ್ದರಿಂದ ಸಾಹೇಬರಿಗೆ ಒಂದಕ್ಷರ ತಿಳಿಯಲಿಲ್ಲ. ನಾನು ಏನು ಹೇಳುವವಳಿದ್ದೇನೆ ಎಂದು ಅವರಿಗೂ ಹೇಳಿರಲಿಲ್ಲ, ಹೇಳಿದರೆ ತಡೆದಾರು ಎಂಬ ಭಯ ಇತ್ತು. ಐವತ್ತು ದಾಟಿದ ಮೇಲೆ ಕೆಲಸ ಹೋದರೆ ನನಗೂ ಇನ್ನೊಂದು ಸಿಗುತ್ತಿರಲಿಲ್ಲ.

"ಅಕ್ಕಾರ, ಕೈತಪ್ಪು ಅಂತ ನೀವ ಬರದೀರಲ್ರಿ" ಎಂದರು ಸಾವಕಾರರು.

"ಬರದೀನ್ರಿ. ಬರದದ್ದ ತಪ್ಪದ. ಸಾವಕಾರ್ರ, ಒಂದ್ ಸಣ್ಣ ಕೆಲಸ ಮಾಡ್ರಿ. ಈ ಗ್ವಾಡಿ ಕ್ಯಾಲೆಂಡರಿನಾಗ ಐತವಾರದಿಂದ ಮೂರು ದಿನ ಬೆರಳಿಲೆ ತೋರಸ್ರಿ."

ಅವರು ಬೇಸರದಿಂದಲೇ ಬೆರಳು ಇಟ್ಟು ಕೆಳಗೆ ಎಳೆದರು. ನಾನು ಲ್ಯಾಪ್‌ಟಾಪ್ ಮುಂದಿಟ್ಟೆ.

"ಈಗ ಅದನ್ನ ಇದರಾಗ ಮಾಡ್ರಿ. ಮಲ್ಲಪ್ಪನವರು ಹಿಡದಂಗ ಮೂರು ದಿನ."

ಅದೇ ಬೆರಳು, ಅದೇ ವೇಗ, ಕೆಳಗೆ. ಹದಿನೈದು ದಿನ ಬಣ್ಣ ತುಂಬಿಕೊಂಡವು. ಹಿಂದೆ ಕೂತಿದ್ದ ಒಬ್ಬರು ಮೊದಲು ನಕ್ಕರು. ಸಾವಕಾರರು ಪರದೆ ನೋಡಿದರು, ಕ್ಯಾಲೆಂಡರ್ ನೋಡಿದರು, ತಮ್ಮ ಬೆರಳನ್ನು ತಿರುಗಿಸಿ ನೋಡಿಕೊಂಡರು.

"ಹಂಗಾದ್ರ ಮಲ್ಲಪ್ಪನ ಜೋಡಿ ನನ್ನೂ ಮನಿಗೆ ಕಳಸಬೇಕಾಗ್ತದಲ್ರಿ."

ಮಾಳಿಗೆ ತುಂಬ ನಗು. ನಗು ನಿಂತ ಮೇಲೆ ನಾನು ಹೇಳಬೇಕಾದ್ದನ್ನು ಹೇಳಿದೆ. ಕ್ಯಾಲೆಂಡರ್ ಜೋಡಿಸುವುದೇ ನನ್ನ ಕಸುಬಾಗಿತ್ತು, ಗೊತ್ತಿರಬೇಕಾದವಳು ನಾನು, ತಪ್ಪು ನನ್ನದು, ಮಲ್ಲಪ್ಪನವರದಲ್ಲ. ವರದಿಯನ್ನು ಅವರೆದುರೇ ಹರಿದೆ. ಮಲ್ಲಪ್ಪನವರನ್ನು ಬಿಡಿಸುವ ಮಾತು ಅಲ್ಲಿಗೇ ಬಿದ್ದುಹೋಯಿತು. ಸಾವಕಾರರು ಅಲ್ಲಿಂದಲೇ ಜೇಜುರಿಗೆ ಫೋನ್ ಮಾಡಿ, "ಮಲ್ಲಪ್ಪಾ, ರಜಿಸ್ಟರ್ ಗಂಟ ಬಿಚ್ಚು" ಎಂದರು. ಆ ಕಡೆಯಿಂದ ಬಂದ ಉತ್ತರ ನಮಗೂ ಕೇಳಿಸಿತು: "ನಿನ್ನೆನ ಬಿಚ್ಚೀನ್ರಿ, ಅಕ್ಕಾರು ಹೇಳಿದ್ರು."

ಕಾರಿನಲ್ಲಿ ಬರುವಾಗ ಸಾಠೆ ಸಾಹೇಬರು ಕೇಳಿದರು, "ಅಷ್ಟು ನಗುವಂಥದ್ದು ಏನು ಹೇಳಿದಿರಿ?" ಎಲ್ಲ ಹೇಳಿದೆ. ಕೆಲಸ ಹೋಯಿತೆಂದೇ ನನಗೆ ಭಯವಾಯಿತು. ಆಫೀಸಿನ ಗೇಟು ಬಂದ ಮೇಲೆ, "ನಾಳೆಯಿಂದ ಯಾವುದರಲ್ಲಿ ಕಟ್ಟುತ್ತೀರಿ?" ಎಂದರು, ಅಷ್ಟೇ.

ನಾನು ಹಟಮಾರಿ. ದೊಡ್ಡದರ ಕ್ಯಾಲೆಂಡರನ್ನೇ ಎದ್ದು ನಿಲ್ಲಿಸುತ್ತೇನೆಂದು ನಾಲ್ಕು ದಿನ ಹೆಣಗಿದೆ. ವಾರಗಳನ್ನು ತಿರುಗಿಸಿದರೆ ಬಣ್ಣ ತಪ್ಪಿತು, ಬಣ್ಣ ಸರಿ ಮಾಡಿದರೆ ಎಳೆಯುವುದು ನಿಂತಿತು, ಅದನ್ನು ಸರಿ ಮಾಡಿದರೆ ಫೆಬ್ರವರಿ ಮಾಯವಾಯಿತು. ಕೈ ಹೋಗಲ್ಲ ಎಂದು ಪೂರ್ಣಿಮಾ ಹೇಳಿದ್ದು ಇದನ್ನೇ. ಐದನೆಯ ದಿನ ಅವಳ ಮೇಜಿಗೆ ಹೋಗಿ ನಿಂತೆ. ಅವಳು ಏನೂ ಕೇಳದೆ ಪಕ್ಕಕ್ಕೆ ಸರಿದು ಕುರ್ಚಿ ಕೊಟ್ಟಳು.

"ಮೇಡಂ, ಮೊದಲು ಆ ವಾಲ್ ಕ್ಯಾಲೆಂಡರ್ ತೋರ್ಸಿ. ಅದನ್ನೇ ನೋಡ್ಕೊಂಡು ಬರ್ಕೊಳ್ಳೋಣ."

ಚಿಕ್ಕದರಲ್ಲಿ ಒಂದೂವರೆ ದಿನಕ್ಕೆ ಮುಗಿಯಿತು. ವಾರಗಳು ಮೇಲಿಂದ ಕೆಳಗೆ, ಅಮಾವಾಸ್ಯೆಗೆ ಕಪ್ಪು ಚುಕ್ಕೆ, ಹುಣ್ಣಿಮೆಗೆ ಖಾಲಿ ಉಂಗುರ. ಚುಕ್ಕೆಗಳನ್ನು ನಾನೇ ಕೂರಿಸಿದೆ, ಈ ಸಲ ಎರಡೆರಡು ಬಾರಿ ಪಂಚಾಂಗ ನೋಡಿ. ಆರಿಸಿದ ದಿನಗಳಿಗೆ ಬಣ್ಣ ಬರುವ ಮೊದಲು 'ಸರಿ' ಗುಂಡಿಯೇ ಕಾಣದಂತೆ ಪೂರ್ಣಿಮಾ ಮಾಡಿದಳು. ಜೇಜುರಿಯ ಆ ಹಳೆಯ ಯಂತ್ರದಲ್ಲಿ ಮಲ್ಲಪ್ಪನವರು ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಪುಟ ತೆರೆದುಕೊಂಡಿತು. ಅವರು ಕಪ್ಪು ಚುಕ್ಕೆಯ ಮೇಲೆ ಬೆರಳಿಟ್ಟು, "ಈಗ ಇದು ನಮ್ಮ ಮನಿ ಮಶೀನ್ ಆತು ನೋಡ್ರಿ" ಎಂದರು. ನನ್ನ ಇಡೀ ಕೆಲಸದ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಶಹಭಾಸ್‌ಗಿರಿ ನನಗೆ ಸಿಕ್ಕಿಲ್ಲ. ಆಫೀಸಿನಲ್ಲಿ ಸಾಹೇಬರು ಮತ್ತೆ ಸಭೆ ಕರೆದು, ಈ ಸಲ ಮನಸ್ಸಿಗೆ ಬಂದದ್ದನ್ನೇ ಹೇಳಿ ಎಂದರು. ನಾನು ಎಲ್ಲರ ಮುಂದೆ ಎದ್ದು ನಿಂತು ಚಿಕ್ಕದನ್ನು ಹೊಗಳಿದೆ, ಮನಸಾರೆ.

ನನ್ನ ವಹಿಯಲ್ಲಿ ಐದನೆಯ ಸಾಲು ಸೇರಿತು: ಗೋಡೆ ನೋಡು. ಲಿಫ್ಟಿನ ಹುಡುಗರೇ, ಯಾವ ಫ್ರೇಮ್‌ವರ್ಕ್ ಎಂದು ಕೇಳುತ್ತೀರಲ್ಲ, ನಿಮ್ಮ ಪುಟ ಬಳಸುವವರ ಗೋಡೆಯ ಮೇಲೆ ಏನಿದೆ ಎಂದು ಮೊದಲು ನೋಡಿ ಬನ್ನಿ. ಅದನ್ನು ಪುಟಕ್ಕೆ ತರಲು ಯಾವುದು ಅಡ್ಡ ಬರುವುದಿಲ್ಲವೋ ಅದನ್ನು ಆರಿಸಿ. ನನಗೆ ಗೊತ್ತಿರುವುದು ಇಷ್ಟೇ.

ಚಿಕ್ಕದರಲ್ಲಿ ಹೊಸ ಕ್ಯಾಲೆಂಡರ್ ಮುಗಿಸಿದ ದಿನ, ಅದರ ಕೋಡಿನ ಮೇಲೆ ಒಂದು ಟಿಪ್ಪಣಿ ಬರೆದಿಟ್ಟಿದ್ದೆ. ಕೋಡ್ ಓದುವವರಿಗಷ್ಟೇ ಕಾಣುವಂಥದ್ದು: "ಇದನ್ನು ಅಡ್ಡ ಮಾಡಬೇಡಿ. ಕಾರಣ ಬೇಕಿದ್ದರೆ ಜೇಜುರಿಗೆ ಹೋಗಿ ಮಲ್ಲಪ್ಪನವರನ್ನು ಕೇಳಿ." ಕೆಲವು ವರ್ಷಕ್ಕೆ ನಾನು ನಿವೃತ್ತಳಾದೆ. ದೊಡ್ಡದು ಯಾವತ್ತೋ ಹೋಯಿತು, ಚಿಕ್ಕದನ್ನೂ ಈಗ ಯಾರೂ ಹೊಸ ಕೆಲಸಕ್ಕೆ ಮುಟ್ಟುವುದಿಲ್ಲವಂತೆ.

ಹೋದ ತಿಂಗಳು ಪೂರ್ಣಿಮಾ ಫೋನ್ ಮಾಡಿದ್ದಳು. ಈಗ ಆ ಕಂಪನಿಯ ತಾಂತ್ರಿಕ ವಿಭಾಗ ಅವಳ ಕೈಯಲ್ಲಿದೆ. ಧರ್ಮಶಾಲೆಯ ಸೈಟನ್ನು ಇಷ್ಟರಲ್ಲಿ ಮೂರು ಸಲ ಮೂರು ಬೇರೆ ಫ್ರೇಮ್‌ವರ್ಕಿನಲ್ಲಿ ಕಟ್ಟಿದ್ದಾರೆ. ಮೂರೂ ಸಲ ಹೊಸಬರು ಕ್ಯಾಲೆಂಡರನ್ನು ಅಡ್ಡ ಮಾಡಲು ಹೊರಟಿದ್ದಾರೆ, ಮೂರೂ ಸಲ ಅವಳು ಕಾರಣ ಹೇಳದೆ ಅವರನ್ನು ಜೇಜುರಿಯ ಬಸ್ಸು ಹತ್ತಿಸಿದ್ದಾಳೆ. ಮಲ್ಲಪ್ಪನವರು ಈಗ ಕೋಣೆ ನೋಡಿಕೊಳ್ಳುವುದಿಲ್ಲ. ಟ್ರಸ್ಟಿನವರು ಅವರಿಗೇ ಬಿಟ್ಟುಕೊಟ್ಟ ಮೆಟ್ಟಿಲ ಕೆಳಗಿನ ಕೋಣೆಯ ಕಟ್ಟೆಯ ಮೇಲೆ ಕೂತು, ಕೇಳಿ ಬಂದವರಿಗೆ ಮೊದಲು ಚಹಾ ಕೊಡುತ್ತಾರೆ.

ಪೂರ್ಣಿಮಾ ಆ ಟಿಪ್ಪಣಿಯನ್ನು ನನಗೆ ಓದಿ ಹೇಳಿದಳು. ಪ್ರತಿ ಸಲವೂ ಅದನ್ನು ಹೊಸ ಕೋಡಿಗೆ ನಕಲು ಮಾಡಿದ್ದಾರೆ, ಮೇಲೆ ನನ್ನ ಎರಡು ಸಾಲು ಹಾಗೇ ಇವೆ. ಕೆಳಗೆ ಮೂವರು ಬರೆದಿದ್ದಾರೆ, ನಾನು ಯಾರ ಮುಖವನ್ನೂ ನೋಡಿಲ್ಲ.

"ಹೋಗಿ ಕೇಳಿ ಬಂದೆ."

"ಹೋಗಿ ಕೇಳಿ ಬಂದೆ. ನಿಜ."

"ಹೋಗಿ ಕೇಳಿ ಬಂದೆ. ಐತವಾರದ ಕೆಳಗ ಸೋಮವಾರ. ಲ್ಯಾಪ್‌ಟಾಪಿನ ಕೀಲಿಗಳಲ್ಲಿ ಇನ್ನೂ ಭಂಡಾರ ಇದೆ, ಒರೆಸಿಲ್ಲ."